ಬೇಸ್ ಕ್ಯಾಂಪಿಗೆ ನೀರು: ಪೈಪಿನ ಚೀಲವೋ, ಬಾಟಲಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಗಲ ಬಾಯಿಯ ಒಂದು ಲೀಟರ್ ಬಾಟಲಿಗೆ. ಎವರೆಸ್ಟ್ ಬೇಸ್ ಕ್ಯಾಂಪ್ ಮುಗಿಸಿ, ಹಾಗೇ ಐಲ್ಯಾಂಡ್ ಪೀಕ್ ಹತ್ತಬೇಕು ಅಂತ ಹೊರಟಿದ್ದೆ. ಅದಕ್ಕೆಂದೇ ಎರಡೂವರೆ ಸಾವಿರ ಕೊಟ್ಟು, ಬ್ಯಾಗಿನೊಳಗೆ ಇಟ್ಟು ಪೈಪಿನಲ್ಲಿ ಹೀರುವ ನೀರಿನ ಚೀಲ ತಗೊಂಡೆ. ಬಾಟಲಿ ಸುಮ್ನೆ ಜೊತೆಗಿರಲಿ ಅಂತ ಇಟ್ಟುಕೊಂಡಿದ್ದು.

ಅಭ್ಯಾಸಕ್ಕೆ ಕೊಡಚಾದ್ರಿ ಹತ್ತುವಾಗ ಪೈಪೇ ಗೆದ್ದಿತ್ತು. ಮಳೆ ಶುರುವಾದ ಮೇಲೆ ಹಿಡ್ಲುಮನೆ ಫಾಲ್ಸ್ ದಾರಿಯಲ್ಲಿ ನೀರು ಕುಡಿಯಲು ನಿಂತರೆ ಕಥೆ ಮುಗೀತು. ಬಾಟಲಿ ಮುಚ್ಚಳ ತೆಗೆಯುವಷ್ಟರಲ್ಲಿ ಉಂಬಳ (ಜಿಗಣೆ) ಶೂ ದಾಟಿ ಸಾಕ್ಸ್ ಹತ್ತಿರುತ್ತದೆ. ಪೈಪಿದ್ದರೆ ನಿಲ್ಲುವ ಕೆಲಸವೇ ಇಲ್ಲ. ಬೇಸ್ ಕ್ಯಾಂಪ್ ದಾರಿಯಲ್ಲೂ ನಾಮ್ಚೆ ಎಂಬ ಊರಿನವರೆಗೂ, ಅಂದರೆ 3,440 ಮೀಟರ್‌ವರೆಗೂ ಇದೇ ಸುಖ. ಎತ್ತರದಲ್ಲಿ ದಿನಕ್ಕೆ ಮೂರ್ನಾಲ್ಕು ಲೀಟರ್ ಕುಡಿಯಿರಿ ಅಂತಾರಲ್ಲ, ಬಾಯಿ ಪಕ್ಕದಲ್ಲೇ ಪೈಪಿದ್ದರೆ ಅಷ್ಟೂ ಗೊತ್ತಾಗದೆ ಒಳಗೆ ಹೋಗುತ್ತದೆ.

ತಕರಾರು ಶುರುವಾಗಿದ್ದು ಅದೇ ದಾರಿಯಲ್ಲಿ ಇನ್ನೂ ಮೇಲಿರುವ ಲೋಬುಚೆಯಲ್ಲಿ, 4,900 ಮೀಟರ್ ದಾಟಿದ ಮೇಲೆ. ಕತ್ತಲಿರುವಾಗಲೇ ಹೊರಟೆವು. ಸ್ವಲ್ಪ ದೂರ ಹೋಗಿ ಹೀರಿದರೆ ಏನೂ ಬರಲಿಲ್ಲ. ಬೆನ್ನ ಹಿಂದೆ ನೀರು ಕುಲುಕುವುದು ಕೇಳಿಸುತ್ತಿದೆ, ಬಾಯಿಗೆ ಮಾತ್ರ ಒಂದು ಹನಿಯಿಲ್ಲ! ಪೈಪಿನ ತುದಿಯಲ್ಲಿ ಐಸ್. ಅಲ್ಲಿ ಇರುವುದೇ ಒಂದು ಗುಟುಕು ನೀರು, ಗಾಳಿಗೆ ಬಿದ್ದಿರುವುದೂ ಅದೇ ಜಾಗ. ಹಾಗಾಗಿ ಮೊದಲು ಗಟ್ಟಿಯಾಗುವುದೂ ಅದೇ.

ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಪ್ರತಿ ಸಲ ಕುಡಿದ ಮೇಲೆ ಪೈಪಿಗೆ ಊದಿ, ಉಳಿದ ನೀರನ್ನು ವಾಪಸ್ ಚೀಲಕ್ಕೆ ತಳ್ಳಬೇಕು. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವಾಗ ಪೈಪಿಗೆ ಬೇರೆ ಯಾರು ಊದುತ್ತಾರೆ? ಪೈಪನ್ನು ಜಾಕೆಟ್ ಒಳಗೆ ತೂರಿಸಿ ನೋಡಿದೆ. ತುದಿ ತೊಟ್ಟಿಕ್ಕಿ ಥರ್ಮಲ್ ಒದ್ದೆಯಾಯಿತು. ಆ ಚಳಿಯಲ್ಲಿ ಎದೆ ಮೇಲೆ ಒದ್ದೆ ಬಟ್ಟೆ ಯಾರಿಗೆ ಬೇಕು?

ತುಂಬಿಸುವುದೂ ರಗಳೆಯೇ. ಬ್ಯಾಗಿನಲ್ಲಿರುವುದನ್ನೆಲ್ಲ ಹೊರಗೆ ಸುರಿದು ಚೀಲ ಎಳೆಯಬೇಕು. ಕುದಿವ ನೀರು ಹಾಕಬೇಡಿ ಅಂತ ಅದರ ಮೇಲೇ ಬರೆದಿದೆ. ಬೇಸ್ ಕ್ಯಾಂಪಿಗೆ ಮುಂಚಿನ ಕೊನೆಯ ತಂಗುದಾಣ ಗೊರಕ್‌ಶೆಪ್‌ನಲ್ಲಿ ನೀರು ಕುದಿಯುವುದು ಸುಮಾರು 83 ಡಿಗ್ರಿಗೆ, ಆದರೂ ಆರಿಸಿಕೊಂಡು ಕೂರಬೇಕು.

ಬಾಟಲಿಗೆ ಈ ಯಾವ ತಾಪತ್ರಯವೂ ಇಲ್ಲ. ಉಲನ್ ಸಾಕ್ಸ್ ತೊಡಿಸಿ ತಲೆಕೆಳಗಾಗಿ ಇಟ್ಟರಾಯಿತು. ಐಸ್ ಕಟ್ಟುವುದು ಮೇಲ್ಭಾಗದಲ್ಲಿ, ಮುಚ್ಚಳ ಕೆಳಗಿದ್ದರೆ ಬಾಯಿ ಕಟ್ಟುವುದಿಲ್ಲ. ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಅಷ್ಟೆ. ರಾತ್ರಿ ಬಿಸಿನೀರು ತುಂಬಿಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಬುಡಕ್ಕೆ ಇಟ್ಟುಕೊಂಡರೆ ಅಂಗಾಲು ಬೆಚ್ಚಗೆ, ಬೆಳಿಗ್ಗೆ ಕುಡಿಯಲು ಅದೇ ನೀರು. ನಾನಂತೂ ಮನೆಯ ಕಷಾಯದ ಪುಡಿ ಕಟ್ಟಿಕೊಂಡು ಹೋಗುವವನು. ಬಾಟಲಿಗೆ ಒಂದು ಚಮಚ ಹಾಕಿ ಕುಲುಕಿದರೆ ಆಯಿತು. ಪೈಪಿಗೆ ಹಾಕಿದರೆ ಜೀರಿಗೆ ವಾಸನೆ ಜನ್ಮದಲ್ಲಿ ಹೋಗುವುದಿಲ್ಲ.

ಸ್ಟೀಲ್ ಫ್ಲಾಸ್ಕ್ ಭಾರ. ಐಲ್ಯಾಂಡ್ ಪೀಕಿನ ತುದಿ 6,189 ಮೀಟರ್. ಅಲ್ಲಿಗೆ ನಡುರಾತ್ರಿ ಹೊರಡುವಾಗ ಅರ್ಧ ಲೀಟರಿನದು ಒಂದಿದ್ದರೆ ಒಳ್ಳೆಯದು, ಅದಕ್ಕಿಂತ ಕೆಳಗಿನ ದಾರಿಗೆ ಫ್ಲಾಸ್ಕ್ ಬೇಡ.

ಮಲೆನಾಡಿನ ಮಳೆಗೆ ಪೈಪಿನ ಚೀಲ ನನ್ನ ಹತ್ತಿರ ಇದ್ದೇ ಇರುತ್ತದೆ. ಬೇಸ್ ಕ್ಯಾಂಪಿಗೆ ಮಾತ್ರ ಎರಡು ಬಾಟಲಿ ತಗೊಳ್ಳಿ. ಉಳಿದ ದುಡ್ಡು ಲಾಡ್ಜಿನ ಬಿಸಿನೀರಿಗೆ ಬೇಕಾಗುತ್ತದೆ, ಮೇಲೆ ಹೋದಷ್ಟೂ ಅದರ ರೇಟೂ ಏರುತ್ತದೆ.