ಕೆರೆ ಪಕ್ಕದ ಮನೆಗೆ 8×42 ಬೈನಾಕ್ಯುಲರ್

ನಮ್ಮ ಮನೆ ಸೊರಬದ ಕಡೆ. ಜಗುಲಿ, ಅಂಗಳ, ಅದರಾಚೆ ಕೆರೆ. ಇಂಥ ಮನೆಯವರು ಹಕ್ಕಿ ನೋಡಲು ಬೈನಾಕ್ಯುಲರ್ ಕೊಳ್ಳುವುದಾದರೆ 8×42 ತೊಗೊಳ್ಳಿ, 10, 12 ಪಟ್ಟಿನದು ಬೇಡ. ಮಳೆಗಾಲ, ಚಳಿಗಾಲ ಎರಡರಲ್ಲೂ ಬಳಸಿ ಹೇಳುತ್ತಿದ್ದೇನೆ.

8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ, ನೋಟಕ್ಕೆ ಸಿಗುವ ಜಾಗವೂ ಕಿರಿದಾಗುತ್ತದೆ. ಗುಳುಮುಳುಕ ಹಕ್ಕಿ ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತದೆ ಅಲ್ವಾ, ನೋಟ ಅಗಲ ಇದ್ದರೆ ಮಾತ್ರ ಅದು ಮತ್ತೆ ಸಿಗುವುದು. ಇನ್ನು 42ನ್ನು 8ರಿಂದ ಭಾಗಿಸಿ, ಸುಮಾರು 5 ಬರುತ್ತದೆ. ಅಷ್ಟು ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ತಲುಪುತ್ತದೆ. ಜೇಬಿನಲ್ಲಿ ಹಿಡಿಯುವ 8×25ರಲ್ಲಿ ಮೂರೇ. ಬಿಸಿಲಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಮಂಜು ಮುಸುಕಿದ ಬೆಳಗ್ಗೆ, ಮೋಡದ ಸಂಜೆ ಚೆನ್ನಾಗಿ ಗೊತ್ತಾಗುತ್ತದೆ, ನಮ್ಮ ಕಡೆ ಅಂಥ ದಿನಗಳೇ ಜಾಸ್ತಿ.

ಎಲ್ಲೂ ಹೋಗದ ದಿನ ಕಷಾಯದ ಲೋಟ ಪಕ್ಕಕ್ಕಿಟ್ಟುಕೊಂಡು ಜಗುಲಿಯಲ್ಲಿ ಸುಮ್ನೆ ಕೂತರೆ ಸಾಕು, ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಕಪ್ಪು ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕು ಕೆಳಗೆ ಮಾಡಿ ನೀರು ನೋಡುತ್ತಿರುತ್ತದೆ, ಆಮೇಲೆ ದಬಕ್ ಅಂತ ಬೀಳುತ್ತದೆ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ದೇವನಕ್ಕಿ ತಾವರೆ ಎಲೆ ಮೇಲೆ ಕಾಲಿಡುವಾಗ ಆ ಉದ್ದುದ್ದ ಬೆರಳುಗಳೂ ಲೆಕ್ಕಕ್ಕೆ ಸಿಗುತ್ತವೆ. ಇದೆಲ್ಲ ಬರಿಗಣ್ಣಿಗೆ ಬರೀ ಚುಕ್ಕೆ! ಗುಳುಮುಳುಕ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತೇಲುವ ಹೊತ್ತಿಗೆ ನನ್ನ ಕೈಯಲ್ಲಿ ಬೈನಾಕ್ಯುಲರ್ ಉಳಿಯುವುದಿಲ್ಲ, ಅಮ್ಮ "ಇಲ್ಲಿ ಕೊಡೋ, ನಾನೂ ನೋಡ್ತೀನಿ" ಅಂತ ಕಿತ್ತುಕೊಳ್ಳುತ್ತಾರೆ.

ಅಮ್ಮನಿಗೆ ಕನ್ನಡಕ ಇದೆ. ಕಣ್ಣಿನ ಹತ್ತಿರದ ರಬ್ಬರ್ ಬಳೆಯನ್ನು ಒಳಕ್ಕೆ ತಿರುಗಿಸಿದರೆ ಕನ್ನಡಕ ತೆಗೆಯದೆಯೇ ಪೂರ್ತಿ ಕಾಣುತ್ತದೆ. ಆದರೆ ಎಲ್ಲದರಲ್ಲೂ ಹೀಗಿರುವುದಿಲ್ಲ. ಕನ್ನಡಕದವರು "ಐ ರಿಲೀಫ್" (ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೂ ನೋಟ ಪೂರ್ತಿ ಕಾಣುತ್ತದೆ ಅನ್ನುವ ಅಳತೆ) 15 ಮಿಲಿಮೀಟರಿಗಿಂತ ಹೆಚ್ಚಿದೆಯಾ ಅಂತ ಕೇಳಿಯೇ ಕೊಳ್ಳಿ.

ಕೊರತೆಯೂ ಇದೆ. ಜೊತೆಗೆ ಬಂದ ಪಟ್ಟಿ ತೀರಾ ತೆಳು, ಸ್ವಲ್ಪ ಹೊತ್ತಿಗೇ ಕತ್ತು ಒತ್ತುತ್ತದೆ, ನಾನು ಅಗಲದ ಪಟ್ಟಿ ಹಾಕಿಸಿದೆ. ಮುಂದಿನ ಮುಚ್ಚಳಗಳು ಸಡಿಲ.

ಮಲೆನಾಡಿನಲ್ಲಿ ನಿಜವಾದ ಶತ್ರು ಬೂಷ್ಟು. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟರೆ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ, ಒಳಗೆ ಹಿಡಿದರೆ ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಅದಕ್ಕೇ ನೈಟ್ರೋಜನ್ ತುಂಬಿ ಮುಚ್ಚಿದ, ನೀರು ಹೋಗದ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೂ ಹೊರಗಿನ ಗಾಜಿಗೆ ಕಾವಲು ಬೇಕು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿದೆ ಅಂತ ಅರ್ಥ, ಆಗ ಬದಲಾಯಿಸಿ.

ಇನ್ನೊಂದು ಮಾತು, ಮನೆಯಲ್ಲಿ ಮಕ್ಕಳಿದ್ದರೆ ಸೂರ್ಯನ ಕಡೆ ತಿರುಗಿಸದಂತೆ ಮೊದಲೇ ಹೇಳಿಕೊಡಿ, ಕಣ್ಣೇ ಹೋಗಬಹುದು. ಕೊಳ್ಳುವ ಮುಂಚೆ ಅಂಗಡಿಯ ಹೊರಗೆ ಬಂದು ದೂರದ ಬೋರ್ಡು ಓದಿ ನೋಡಿ, ಎರಡೂ ಕಣ್ಣಿಗೆ ಸೇರಿ ಒಂದೇ ಚಿತ್ರ ಕಾಣಬೇಕು. ಎರಡೆರಡು ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.