ಉತ್ತರಕ್ಕೆ ಆಧಾರ ಕೇಳುವ ಅಭ್ಯಾಸ ಪುಸ್ತಕ

ಪ್ರೌಢಶಾಲೆಯ ಮಕ್ಕಳಿಗೆ ಎರಡು-ಮೂರು ವಾಕ್ಯಗಳ ಉತ್ತರ ಬರೆಯುವುದನ್ನು ಕಲಿಸಲೆಂದು ನಮ್ಮ ಶಾಲೆಗೆ ತರಿಸಿದ ಈ ಕನ್ನಡ ಅಭ್ಯಾಸ ಪುಸ್ತಕವು ಗೈಡುಗಳ ಸಾಲಿಗೆ ಸೇರುವಂಥದ್ದಲ್ಲ. ಪ್ರತಿ ಪ್ರಶ್ನೆಯ ಕೆಳಗೆ ಉತ್ತರಕ್ಕೊಂದು, ಅದನ್ನು ಸಮರ್ಥಿಸುವ ಪಠ್ಯದ ಸಾಲಿಗೊಂದು, ಆ ಸಾಲಿನಿಂದ ಉತ್ತರ ಹೇಗೆ ಹೊರಡುತ್ತದೆ ಎಂಬ ವಿವರಣೆಗೊಂದು ಜಾಗ ಬಿಡಲಾಗಿದೆ. ಈ ಮೂರನೆಯ ಜಾಗಕ್ಕಾಗಿಯೇ ಪುಸ್ತಕವನ್ನು ಕೊಳ್ಳಬೇಕು.

ಗೋವಿನ ಹಾಡನ್ನೇ ನೋಡಿ. ಪುಣ್ಯಕೋಟಿ ಸತ್ಯವಂತೆ ಎನ್ನಲು ಆಧಾರವೇನು ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಕಥೆಯನ್ನೆಲ್ಲ ಬರೆದುಬಿಡುತ್ತಾರೆ. ಇಲ್ಲಿ ಹಾಗಲ್ಲ, ಕರುವಿಗೆ ಹಾಲೂಡಿಸಿದ ಮೇಲೆ, ಅದು ಗೋಗರೆದರೂ ನಿಲ್ಲದೆ ಹುಲಿಯ ಗವಿಗೆ ಮರಳಿದ ಭಾಗವನ್ನು ಆರಿಸಿಕೊಂಡು, ತಪ್ಪಿಸಿಕೊಳ್ಳುವ ಅವಕಾಶವಿದ್ದಾಗಲೂ ಕೊಟ್ಟ ಮಾತನ್ನು ಉಳಿಸಿಕೊಂಡದ್ದರಿಂದ ಅದು ಸತ್ಯನಿಷ್ಠೆಗೆ ಸಾಕ್ಷಿಯಾಗುತ್ತದೆ ಎಂದು ವಿದ್ಯಾರ್ಥಿಯೇ ಬರೆಯಬೇಕು. ಎಸ್ಸೆಸ್ಸೆಲ್ಸಿಯ ಸಂದರ್ಭ-ಸ್ವಾರಸ್ಯದ ಪ್ರಶ್ನೆಗೂ ಇದು ನೇರವಾಗಿ ನೆರವಾಗುತ್ತದೆ. ಸ್ವಾರಸ್ಯದ ಭಾಗದಲ್ಲಿ ‘ಈ ಮಾತು ಅರ್ಥಪೂರ್ಣವಾಗಿದೆ’ ಎಂದಷ್ಟೇ ಬರೆದು ಮುಗಿಸುವ ಅಭ್ಯಾಸ ನನ್ನ ತರಗತಿಯಲ್ಲಿ ಕಡಿಮೆಯಾಗಿದೆ.

ಗದ್ಯಭಾಗದ ಅಭ್ಯಾಸಗಳು ಚೆನ್ನಾಗಿವೆ. ಹಳಗನ್ನಡ ಪದ್ಯಗಳಲ್ಲಿ ಮಾತ್ರ ಪುಸ್ತಕ ಸೋತಿದೆ: ಪದವಿಭಾಗವಾಗಲಿ ಪದಗಳ ಅರ್ಥವಾಗಲಿ ಕೊಡದೆ ಆಧಾರದ ಸಾಲನ್ನು ಹುಡುಕಲು ಹೇಳಿದರೆ ಮಕ್ಕಳು ಕಣ್ಣಿಗೆ ಬಿದ್ದ ಸಾಲನ್ನು ನಕಲು ಮಾಡುತ್ತಾರೆ. ಕೊನೆಯಲ್ಲಿ ಅಚ್ಚಾಗಿರುವ ಮಾದರಿ ಉತ್ತರಗಳೂ ಬಾಯಿಪಾಠಕ್ಕೆ ದಾರಿ ಮಾಡಿಕೊಡುತ್ತವೆ. ಆ ಹಾಳೆಗಳನ್ನು ತೆಗೆದಿರಿಸಿಯೇ ನಾನು ಪುಸ್ತಕ ಹಂಚುತ್ತೇನೆ. ಎಂಟನೆಯ ತರಗತಿಯಿಂದಲೇ ಈ ಅಭ್ಯಾಸ ಮಾಡಿಸಬೇಕೆನ್ನುವ ಶಿಕ್ಷಕರು ಇದನ್ನು ಧೈರ್ಯವಾಗಿ ತರಿಸಿಕೊಳ್ಳಬಹುದು.