ನಸುಕಿನ ಬೆಳಕಿನಲ್ಲಿ ಮರಕುಟಿಗ ಮತ್ತು ನಿಕಾನ್ 200-500: ಒಂದು ವಿಮರ್ಶೆ

ನಿಕಾನ್ ಸಂಸ್ಥೆ 2015ರಲ್ಲಿ ಹೊರತಂದ 200-500 ಮಿಮೀ ಎಫ್ 5.6 ಲೆನ್ಸ್‌ನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಹೊಸ ಕ್ಯಾಮೆರಾಗಳ ಲೆಕ್ಕದಲ್ಲಿ ಅದು ನಿಜವೂ ಇರಬಹುದು. ಆದರೆ ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ಮರಕುಟಿಗವನ್ನು ಹುಡುಕಿಕೊಂಡು ಹೋಗುವವರಿಗೆ ಈ ಲೆನ್ಸ್ ಎಷ್ಟು ಒದಗುತ್ತದೆ ಎಂಬುದು, ಹಗಲು ಬೆಳಕಿನಲ್ಲಿ ತೆಗೆದ ಚಿತ್ರದ ಮೂಲೆಗಳನ್ನು ಹಿಗ್ಗಿಸಿ ನೋಡುವ ಪರೀಕ್ಷೆಗಳಿಂದ ತಿಳಿಯುವ ಸಂಗತಿಯಲ್ಲ. ಅದಕ್ಕೆ ಹಕ್ಕಿಯ ಸ್ವಭಾವದಿಂದಲೇ ಶುರು ಮಾಡಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಂಡಕ್ಕೆ ಅಂಟಿ ಕೂತ ಹಕ್ಕಿಗೆ ಇದು ಹೇಳಿ ಮಾಡಿಸಿದ ಲೆನ್ಸ್, ರೆಕ್ಕೆ ಬಿಚ್ಚಿದ ಹಕ್ಕಿಗೆ ಬಿಸಿಲು ಬಲಿಯುವ ತನಕ ಇದು ಸಾಲದು.

ಮರಕುಟಿಗಗಳು ಮರವನ್ನು ಬಡಿಯುವುದರಲ್ಲಿ ಎರಡು ಬಗೆಯಿದೆ. ಹುಳು ತೆಗೆಯಲು ತೊಗಟೆಯನ್ನು ಕುಟ್ಟುವ ಬಡಿತ ಬಿಡಿಬಿಡಿಯಾದದ್ದು, ಅದಕ್ಕೆ ಗೊತ್ತಾದ ಲಯವಿಲ್ಲ. ಇನ್ನೊಂದು, ಒಣಗಿದ ಕೊಂಬೆಯ ಮೇಲೆ ಒಂದೇ ಉಸಿರಿನಲ್ಲಿ ಬಾರಿಸುವ ಸರಣಿ ಬಡಿತ. ಇದರ ಉದ್ದೇಶ ಆಹಾರವಲ್ಲ, ತನ್ನ ನೆಲೆಯನ್ನು ಸಾರುವುದು ಮತ್ತು ಸಂಗಾತಿಯನ್ನು ಕರೆಯುವುದು. ಹಲವು ಜಾತಿಗಳಲ್ಲಿ ಗಂಡು ಹೆಣ್ಣುಗಳೆರಡೂ ಹೀಗೆ ಬಾರಿಸುತ್ತವೆ, ಅದರಲ್ಲೂ ಸಂತಾನ ಕಾಲದ ಮುಂಜಾವಿನಲ್ಲಿ ಹೆಚ್ಚು. ಒಂದು ಸರಣಿ ಮುಗಿಸಿದ ಹಕ್ಕಿ ಉತ್ತರ ಬರುತ್ತದೆಯೇ ಎಂದು ಕಿವಿಗೊಟ್ಟು, ಕುತ್ತಿಗೆ ಎತ್ತಿ, ಕೆಲವು ಕ್ಷಣ ಅಲುಗಾಡದೆ ನಿಲ್ಲುವುದುಂಟು. ಹೆಚ್ಚಿನ ಜಾತಿಗಳಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವ ಪಾದ ತೊಗಟೆಯನ್ನು ಕಚ್ಚಿ ಹಿಡಿದರೆ, ಗಡುಸಾದ ಬಾಲದ ಗರಿಗಳು ಮೂರನೆಯ ಕಾಲಿನಂತೆ ಊರುಗೋಲಾಗುತ್ತವೆ. ಈ ನಿಲುಗಡೆಯೇ ಛಾಯಾಗ್ರಾಹಕನಿಗೆ ಸಿಗುವ ಅವಕಾಶ. ಕ್ಷಣಕ್ಕೊಂದು ರೆಂಬೆ ಬದಲಿಸುವ ಪುಟ್ಟ ಹಕ್ಕಿಗಳಿಂದ ಇಂಥ ಸೌಜನ್ಯವನ್ನು ನಿರೀಕ್ಷಿಸುವಂತಿಲ್ಲ.

ಈಗ ಬೆಳಕಿನ ಲೆಕ್ಕ. ಈ ಲೆನ್ಸ್‌ನ ಮುಖ್ಯ ಗುಣವೆಂದರೆ 200ರಿಂದ 500 ಮಿಮೀವರೆಗೆ ಎಲ್ಲಿ ನಿಲ್ಲಿಸಿದರೂ ಅಪರ್ಚರ್, ಅಂದರೆ ಬೆಳಕಿನ ಕಿಂಡಿಯ ಅಳತೆ, 5.6ರಲ್ಲೇ ಉಳಿಯುವುದು; ಈ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. 500 ಮಿಮೀಯಲ್ಲಿ 5.6 ಬೇಕಾದರೆ ಬೆಳಕು ಒಳಬರುವ ಕಿಂಡಿ ಸುಮಾರು 89 ಮಿಮೀ ಅಗಲ ಇರಬೇಕು. ಮುಂಭಾಗಕ್ಕೆ 95 ಮಿಮೀ ಫಿಲ್ಟರ್ ಹಿಡಿಸುವಷ್ಟು ದೊಡ್ಡ ಗಾಜು ಬಂದಿರುವುದು ಆ ಕಾರಣಕ್ಕೆ. ಇದರ ಸಾಲಿನಲ್ಲೇ ನಿಲ್ಲುವ 150-600 ಮಿಮೀ ಲೆನ್ಸ್‌ಗಳು ಉದ್ದದ ತುದಿಯಲ್ಲಿ 6.3ಕ್ಕೆ ಇಳಿಯುತ್ತವೆ. ಅಂಕಿಯಲ್ಲಿ ಅಂತರ ಸಣ್ಣದಾಗಿ ಕಂಡರೂ 5.6 ಅದಕ್ಕಿಂತ ಕಾಲು ಭಾಗದಷ್ಟು ಹೆಚ್ಚು ಬೆಳಕು ಕೊಡುತ್ತದೆ, ಮತ್ತು ಕಾಡಿನ ಅಂಚಿನಲ್ಲಿ ಇನ್ನೂ ಬಿಸಿಲು ಬೀಳದ ಹೊತ್ತಿನಲ್ಲಿ ಆ ಕಾಲು ಭಾಗಕ್ಕೂ ಬೆಲೆ ಇದೆ. ನಿಕಾನ್‌ನದೇ 500 ಮಿಮೀ ಎಫ್ 4 ಲೆನ್ಸ್ ಇದರ ಎರಡರಷ್ಟು ಬೆಳಕು ಹಿಡಿಯುತ್ತದೆ ನಿಜ, ಆದರೆ ಅದರ ತೂಕ 3 ಕೆಜಿ ದಾಟುತ್ತದೆ ಮತ್ತು ಅದು ಹೆಚ್ಚಿನ ಹವ್ಯಾಸಿಗಳ ಕೈಗೆಟುಕುವ ವಸ್ತುವಲ್ಲ.

ಕೈನಡುಕವನ್ನು ತಗ್ಗಿಸುವ ವಿಆರ್ ವ್ಯವಸ್ಥೆಗೆ ನಿಕಾನ್ 4.5 ಸ್ಟಾಪ್‌ಗಳ ಸಾಮರ್ಥ್ಯ ಹೇಳುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಅಥವಾ ಅರ್ಧವಾಗುವುದು). ಇದನ್ನು ಹಕ್ಕಿಯ ಚಲನೆಯನ್ನು ತಡೆಯುವ ಶಕ್ತಿಯೆಂದು ಭಾವಿಸಬಾರದು. ಅದು ನಿಲ್ಲಿಸುವುದು ನಮ್ಮ ಕೈಯ ಅಲುಗಾಟವನ್ನು ಮಾತ್ರ. ಮರಕುಟಿಗ ಬಡಿತ ನಿಲ್ಲಿಸಿ ಕಿವಿಗೊಟ್ಟಾಗ ಸೆಕೆಂಡಿನ 1/125ರಷ್ಟು ನಿಧಾನದ ಷಟರ್‌ನಲ್ಲೂ ಕಣ್ಣಿನ ಹೊಳಪು, ಹಣೆಯ ಕೆಂಪು, ಮೂಗಿನ ಹೊಳ್ಳೆಯನ್ನು ಮುಚ್ಚಿದ ನವಿರು ಗರಿಗಳು ಬಿಡಿಬಿಡಿಯಾಗಿ ಮೂಡುತ್ತವೆ, ಹಾಗಾಗಿ ಬೆಳಕಿಗೆ ಸೆನ್ಸರ್ ತೋರುವ ಸಂವೇದನೆಯ ಅಳತೆಯಾದ ಐಎಸ್‌ಒವನ್ನು 1600ರ ಸುತ್ತ ಇಟ್ಟುಕೊಳ್ಳಬಹುದು. ಅದೇ ಹಕ್ಕಿ ಬಾರಿಸತೊಡಗಿತೆಂದರೆ ಮಾತೇ ಬೇರೆ. ಕೊಕ್ಕು ಮರಕ್ಕೆ ತಾಗುವ ಗಳಿಗೆಯನ್ನು ಹಿಡಿಯಲು 1/2000ಕ್ಕಿಂತ ಕಡಿಮೆ ಸಾಲದು, ಅಂದರೆ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ ಮತ್ತು ಐಎಸ್‌ಒ 25600ಕ್ಕೆ ಏರುತ್ತದೆ. ಅಷ್ಟು ಕಾಳುಕಾಳಾದ ಚಿತ್ರದಲ್ಲಿ ಗರಿಯೂ ತೊಗಟೆಯೂ ಒಂದೇ ಮಸುಕಾಗಿ ಕಾಣುತ್ತವೆ. ಬಾರಿಸುವ ಚಿತ್ರವೇ ಬೇಕೆನ್ನುವವರು ಬಿಸಿಲು ಕಾಂಡದ ಮೇಲೆ ನೇರವಾಗಿ ಬೀಳುವವರೆಗೆ ಕಾಯುವುದೇ ಲೇಸು. ಅಥವಾ ತಲೆ ಮಸುಕಾಗಿ, ಮೈ ಸ್ಪಷ್ಟವಾಗಿರುವ ಚಿತ್ರವನ್ನೇ ಬಯಸಿ ತೆಗೆಯಬಹುದು; ನನಗೇನೋ ಅದೇ ಹೆಚ್ಚು ಸತ್ಯವೆನಿಸುತ್ತದೆ. ಲೆನ್ಸ್‌ನ ಪಕ್ಕದಲ್ಲಿ ಸ್ಪೋರ್ಟ್ ಎಂಬ ಇನ್ನೊಂದು ವಿಆರ್ ಆಯ್ಕೆಯೂ ಇದೆ. ಮರದಿಂದ ಮರಕ್ಕೆ ಏರಿಳಿಯುತ್ತ ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ದೃಶ್ಯ ಜಿಗಿಯದಂತೆ ಅದು ನೋಡಿಕೊಳ್ಳುತ್ತದೆ.

ಫೋಕಸ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಹುಡುಕುವುದು ಗಾಢ ವ್ಯತ್ಯಾಸವಿರುವ ಗೆರೆಗಳನ್ನು, ಮತ್ತು ಸೀಳುಸೀಳಾದ ತೊಗಟೆಯಲ್ಲಿ ಅಂಥ ಗೆರೆಗಳಿಗೆ ಬರವಿಲ್ಲ. ಹಕ್ಕಿಗಿಂತ ಮರವೇ ಸ್ಪಷ್ಟವಾಗಿ ಬರುವುದು ಇದರಿಂದ. ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಟ್ಟರೆ, ಆಮೇಲೆ ಬೇಕಾದಷ್ಟು ಮಾತ್ರ ಕೈಯಿಂದ ರಿಂಗ್ ತಿರುಗಿಸಿ ಸರಿಪಡಿಸಿದರೆ ತೊಂದರೆ ನೀಗುತ್ತದೆ. ಆಟೋ ಫೋಕಸ್‌ನಲ್ಲಿರುವಾಗಲೂ ರಿಂಗ್ ಕೆಲಸ ಮಾಡುವುದು ಈ ಲೆನ್ಸ್‌ನ ಅನುಕೂಲ. ಹಕ್ಕಿ ದೂರದಲ್ಲಿದ್ದರೆ ಫೋಕಸ್ ಮಿತಿಯ ಗುಂಡಿಯನ್ನು 6 ಮೀಟರ್‌ನಿಂದ ಆಚೆಗೆ ಎಂಬಲ್ಲಿಗೆ ಸರಿಸಿಡಬೇಕು, ಇಲ್ಲವಾದರೆ ಗುರಿ ತಪ್ಪಿದ ಫೋಕಸ್ 2.2 ಮೀಟರ್‌ವರೆಗೂ ಹೋಗಿ ಮರಳುವಷ್ಟರಲ್ಲಿ ಹಕ್ಕಿ ಕಾಂಡದ ಆಚೆ ಬದಿಗೆ ಜಾರಿರುತ್ತದೆ. ಮರಕುಟಿಗಗಳಿಗೆ ಹೀಗೆ ಮರೆಯಾಗುವುದು ಚೆನ್ನಾಗಿ ಗೊತ್ತು.

ಆಕಾಶ ಹಿನ್ನೆಲೆಯಾದಾಗ ಹಕ್ಕಿ ಕಪ್ಪಾಗಿ ಬರುತ್ತದೆ, ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ ಮೇಲೇರಿಸಿದರೆ ಸಾಕು. ಇದು ಯಾವ ಲೆನ್ಸ್‌ಗೂ ಅನ್ವಯಿಸುವ ಮಾತು.

ತೂಕ, ಟ್ರೈಪಾಡ್ ಕಾಲರ್ ಸೇರಿ, 2.3 ಕೆಜಿ. ಎತ್ತಿ ಹಿಡಿಯಲು ಇದು ಕಷ್ಟವಲ್ಲ, ಎತ್ತಿ ಹಿಡಿದೇ ಕಾಯಲು ಕಷ್ಟ. ಮರಕುಟಿಗದ ಚಿತ್ರಣದಲ್ಲಿ ಕಾಯುವುದೇ ದೊಡ್ಡ ಪಾಲಾದ್ದರಿಂದ ಮೊನೊಪಾಡ್ ಆದರೂ ಜೊತೆಗಿರಲಿ. ಝೂಮ್ ಮಾಡಿದಾಗ ಲೆನ್ಸ್ ಮುಂದಕ್ಕೆ ಬೆಳೆಯುತ್ತದೆ, ಅದರ ಜೊತೆ ತೂಕದ ಸಮತೋಲವೂ ಮುಂದಕ್ಕೆ ವಾಲುತ್ತದೆ. 200ರಿಂದ 500ಕ್ಕೆ ಹೋಗಲು ಒಂದೇ ತಿರುವು ಸಾಲದೆ ಕೈಯನ್ನು ಮತ್ತೆ ಹಿಡಿದು ತಿರುಗಿಸಬೇಕಾಗುತ್ತದೆ. ಕೂತ ಹಕ್ಕಿಗೆ ಇದರಿಂದ ನಷ್ಟವಿಲ್ಲ. ಆದರೆ ನೀರಿನ ಮೇಲೆ ಥಟ್ಟನೆ ಎರಗುವ ಮಿಂಚುಳ್ಳಿಯನ್ನೋ, ತಲೆಯ ಮೇಲಿಂದ ಹಾದುಹೋಗುವ ಗಿಳಿವಿಂಡನ್ನೋ ಹಿಡಿಯಬೇಕೆನ್ನುವವರಿಗೆ ಆ ಅರೆಗಳಿಗೆ ದುಬಾರಿ. ಬೆಳಗಿನ ಇಬ್ಬನಿಯ ವಿಷಯವೂ ಇದೆ. ತಣ್ಣಗಿನ ಕೋಣೆಯಲ್ಲಿದ್ದ ಗಾಜನ್ನು ತೇವದ ಗಾಳಿಗೆ ತಂದರೆ ಅದು ಮಂಜುಗಟ್ಟುತ್ತದೆ, ಮುಂಭಾಗ ದೊಡ್ಡದಾಗಿರುವುದರಿಂದ ಒರೆಸುವ ಕೆಲಸವೂ ದೊಡ್ಡದು. ಚೀಲದಲ್ಲಿಟ್ಟೇ ಹೊರಗಿನ ಹವೆಗೆ ಒಗ್ಗಿಸಿ ಆಮೇಲೆ ತೆರೆಯುವುದು ಒಳ್ಳೆಯದು.

2.2 ಮೀಟರ್‌ನಷ್ಟು ಹತ್ತಿರಕ್ಕೂ ಫೋಕಸ್ ಆಗುತ್ತದೆ ಎಂಬುದನ್ನು ಗೂಡಿನ ಪೊಟರೆಯ ಬಳಿಗೆ ಹೋಗಲು ಸಿಕ್ಕ ಪರವಾನಗಿ ಎಂದುಕೊಳ್ಳಬಾರದು. ಮರಿಗಳಿಗೆ ಗುಟುಕು ತಂದ ಹಕ್ಕಿ ನಮ್ಮನ್ನು ಕಂಡು ಪಕ್ಕದ ಮರದಲ್ಲೇ ಉಳಿದರೆ ನಾವು ತೀರಾ ಹತ್ತಿರ ಬಂದಿದ್ದೇವೆಂದೇ ಅರ್ಥ. 500 ಮಿಮೀ ಇರುವುದು ದೂರ ಉಳಿಯಲಿಕ್ಕೆ. ಸಣ್ಣ ಸೆನ್ಸರ್‌ನ ಡಿಎಕ್ಸ್ ಕ್ಯಾಮೆರಾದಲ್ಲಿ ಅದು 750 ಮಿಮೀಯ ನೋಟವನ್ನೇ ಕೊಡುತ್ತದೆ. ಮರಕುಟಿಗ ಬಿಟ್ಟುಹೋದ ಪೊಟರೆಗಳಲ್ಲಿ ಗೂಬೆ, ಗಿಳಿ, ಮೈನಾಗಳೂ ಸಂಸಾರ ಹೂಡುವುದರಿಂದ ದೂರದಲ್ಲಿ ಕಾದವರಿಗೆ ಒಂದೇ ಮರದಲ್ಲಿ ಬೇರೆ ಬೇರೆ ಹಕ್ಕಿಗಳು ಸಿಗುತ್ತವೆ.

ಒಳಗೆ ಕನ್ನಡಿಯಿಲ್ಲದ ನಿಕಾನ್‌ನ ಹೊಸ ಮಿರರ್‌ಲೆಸ್ ಝಡ್ ಕ್ಯಾಮೆರಾ ಇರುವವರು, ಹಳೆಯ ಲೆನ್ಸ್‌ಗಳನ್ನು ಅದಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಇದನ್ನು ಬಳಸಬಹುದಾದರೂ, ಈಗಷ್ಟೇ ಕೊಳ್ಳುವವರಾದರೆ 2023ರಲ್ಲಿ ಝಡ್ ಕ್ಯಾಮೆರಾಗಳಿಗೆಂದೇ ಬಂದ ನಿಕಾನ್ 180-600 ಮಿಮೀ ಲೆನ್ಸ್ ಕಡೆಗೇ ನೋಡಬೇಕು. ಅದು ಝೂಮ್ ಮಾಡಿದಾಗ ಬೆಳೆಯುವುದಿಲ್ಲ, ತೂಕವೂ ತುಸು ಕಡಿಮೆ. 600ರ ತುದಿಯಲ್ಲಿ 6.3ಕ್ಕೆ ಇಳಿಯುವುದೊಂದೇ ಮುಂಜಾವಿನ ಮಟ್ಟಿಗೆ ಹಿನ್ನಡೆ. ಕನ್ನಡಿಯುಳ್ಳ ಹಳೆಯ ಬಗೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಡದವರಿಗೆ ಸೆಕೆಂಡ್ ಹ್ಯಾಂಡ್ 200-500 ಇವತ್ತಿಗೂ ಸರಿಯಾದ ಆಯ್ಕೆಯೇ, ಆದರೆ ಕೊಳ್ಳುವ ಮುಂಚೆ ತಮ್ಮ ಕ್ಯಾಮೆರಾದ ಹೆಸರನ್ನೊಮ್ಮೆ ನೋಡಿಕೊಳ್ಳಲಿ. ಇದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವಂಥದ್ದಾದ್ದರಿಂದ ಡಿ90, ಡಿ80, ಡಿ200ರಂಥ ಹಳೆಯ ಕ್ಯಾಮೆರಾಗಳು ಅದನ್ನು ಕಿರಿದು ಮಾಡಲಾರವು. ಸೂರ್ಯ ಏರುವ ತನಕ ಅದನ್ನು ಕಿರಿದು ಮಾಡುವ ಪ್ರಸಂಗವೂ ಬರುವುದಿಲ್ಲವೆನ್ನಿ.